ಸೆರ್ವಾಳ ಮೊಮ್ಮಗ

"ಮೊದ್ಲು ನೀರು ಕುಡೀಲಿ," ಎಂದಳು ಪೊಕುವಾ ಅಜ್ಜಿ. "ಆಮೇಲೆ ಯಾಕೆ ಬಂದ್ರಿ ಅಂತ ಕೇಳ್ತೀನಿ."

ಯಾಕೆ ಬಂದಿದ್ದಾರೆ ಎಂಬುದು ಊರಿಗೇ ಗೊತ್ತಿತ್ತು. ಆಮ್‌ಸ್ಟರ್‌ಡ್ಯಾಮಿನ ಫುಟ್‌ಬಾಲ್ ಹೀರೋ ಡೆಲಾನೊ ಇನ್ನು ಮೇಲೆ ನಮ್ಮ ದೇಶಕ್ಕೆ ಆಡುತ್ತಾನೆ, ಅವನ ತಾಯಿಯ ತಾಯಿ ನಮ್ಮವಳು ಎಂದು ಹತ್ತಿರದ ಪಟ್ಟಣ ಕುಮಾಸಿಯ ರೇಡಿಯೊ ವಾರದಿಂದ ಬಡಿದುಕೊಳ್ಳುತ್ತಿತ್ತು. ಡಚ್ಚರ ತಂಡದ ಬಾಗಿಲಲ್ಲಿ ವರ್ಷಗಟ್ಟಲೆ ಕಾದು, ಅವರು ಕ್ಯಾರೇ ಅನ್ನದೆ, ವಯಸ್ಸು ಮೂವತ್ತರ ಹತ್ತಿರ ಬಂದ ಮೇಲೆ ಮಹಾಶಯನಿಗೆ ಅಜ್ಜಿ ನೆನಪಾಗಿದ್ದಳು. ಇರಲಿ. ಬಂದವರಿಗೆ ನೀರು ಕೊಟ್ಟು, ಅವರು ಕುಡಿದ ಮೇಲೆಯೇ ಬಂದ ಕಾರಣ ಕೇಳುವುದು ಕ್ರಮ. ಗೊತ್ತಿದ್ದರೂ ಕೇಳಬೇಕು.

ಡೆಲಾನೊ ಲೋಟ ನೋಡಿದ, ಆಮೇಲೆ ತಂಡದ ಪ್ರಚಾರ ನೋಡಿಕೊಳ್ಳುವ ದಂಕ್ವಾನ ಮುಖ ನೋಡಿದ. ತಂಡದ ಅಂಗಿಯ ಮೇಲೆ ಅವನಿಗೆ ಹಬ್ಬ-ಸಮಾರಂಭಕ್ಕೆ ಹೊದೆಯುವ ಬಣ್ಣಬಣ್ಣದ ಹೊಸ ಕೆಂಟೆ ವಸ್ತ್ರ ಹೊದಿಸಿದ್ದರು. ಎಡ ಹೆಗಲ ಮೇಲೆ ಬರಬೇಕಾದ್ದು ಬಲ ಹೆಗಲ ಮೇಲಿತ್ತು.

"ಬೇಜಾರು ಮಾಡ್ಕೋಬೇಡಿ ಅಜ್ಜಿ," ಎಂದ ದಂಕ್ವಾ. "ಶನಿವಾರ ಆಟ ಇದೆ. ಇವನ ಹೊಟ್ಟೆ ಕೆಟ್ರೆ ದೇಶದ ಮಾನ ಹೋಗುತ್ತೆ. ಬಾಟ್ಲಿ ನೀರು ತಂದಿದ್ದಾನೆ."

"ತುಟಿಗೆ ತಾಗಿಸಿ ವಾಪಸ್ ಕೊಟ್ರೂ ಸಾಕಪ್ಪಾ. ನಾನೇನು ವಿಷ ಹಾಕಿಲ್ಲ."

ಡೆಲಾನೊ ನಕ್ಕು ಹೆಬ್ಬೆರಳು ಎತ್ತಿ ತೋರಿಸಿದ. ತನ್ನ ಬಾಟಲಿಯಿಂದ ಒಂದು ಗುಟುಕು ಕುಡಿದ. ಲೋಟ ಅಜ್ಜಿಯ ಕೈಯಲ್ಲೇ ಉಳಿಯಿತು.

ತಾಯಿಯ ಕಡೆಯಿಂದ ಕುಲ ನಡೆಯುವ ಮನೆ ಅದು. ಅಕ್ಕ ಸೆರ್ವಾಳ ಮಗಳ ಮಗ ಎಂದ ಮೇಲೆ ಯಾರ ಸರ್ಟಿಫಿಕೇಟೂ ಬೇಡ, ಅವನು ಈ ಮನೆಯವನೇ. ಮಗಳು ಡಚ್ಚರ ದೇಶದಲ್ಲೇ ತೀರಿಕೊಂಡಿದ್ದಳು, ಉಳಿದವನು ಇವನೊಬ್ಬ. ಅದಕ್ಕೇ ಸೆರ್ವಾ ಸತ್ತಾಗ ಹೆಣವನ್ನು ತಿಂಗಳುಗಟ್ಟಲೆ ಶವಾಗಾರದಲ್ಲಿಟ್ಟು ಇವನ ದಾರಿ ಕಾದಿದ್ದರು. ಕೊನೆಗೆ ಫೋನು ಬಂತು: ಪಂದ್ಯಗಳಿವೆ, ಬಿಡುವಿಲ್ಲ. ಇವನಿಗಾಗಿ ಮುಂದಿನ ಸಾಲಿನಲ್ಲಿ ತೆಗೆದಿರಿಸಿದ್ದ ಕುರ್ಚಿ ಖಾಲಿ ಇದ್ದದ್ದನ್ನು ಮಣ್ಣಿಗೆ ಬಂದವರೆಲ್ಲ ನೋಡಿದರು. ಆ ಅವಮಾನವನ್ನೂ ನುಂಗಿಕೊಂಡು ಪೊಕುವಾ ಇವತ್ತು ಒಂದೇ ಆಸೆ ಇಟ್ಟುಕೊಂಡಿದ್ದಳು. ಈ ಹುಡುಗನ ಕೈ ಹಿಡಿದು ಒಂದು ಗಳಿಗೆ ಅಕ್ಕನ ಗೋರಿಯ ಮುಂದೆ ನಿಲ್ಲಿಸಬೇಕು.

"ಕ್ಯಾಮೆರಾ ನೋಡ್ಕೊಂಡು 'ಇವನು ನಮ್ಮನೆ ಮಗು' ಅಂದ್ಬಿಡಿ ಅಜ್ಜಿ," ಎಂದ ದಂಕ್ವಾ, ಜೊತೆಗೆ ಕರೆತಂದಿದ್ದ ಕ್ಯಾಮೆರಾದವನತ್ತ ಕೈ ತೋರಿಸಿ. "ಅಷ್ಟೇ ನಮ್ಮ ಕೆಲಸ."

"ಅಂತೀನಿ. ಮೊದ್ಲು ಗೋರಿ ಹತ್ರ ಹೋಗ್ಬರೋಣ. ಕೋಕೋ ತೋಟದ ಹಿಂದೇನೇ ಇದೆ."

"ಅಷ್ಟರಲ್ಲಿ ಬೆಳಕು ಹೋಗುತ್ತೆ. ವಿಮಾನಕ್ಕೆ ಬೇರೆ ಹೊತ್ತಾಯ್ತು. ಗೋರಿ ಇನ್ನೊಂದ್ಸಲ ನೋಡಿದ್ರಾಯ್ತು ಬಿಡಿ, ಅದೆಲ್ಲಿಗೆ ಹೋಗುತ್ತೆ?"

ಅಜ್ಜಿ ದಂಕ್ವಾನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಸರಿ. ಯಾವ ಅಜ್ಜಿನ ತೋರಿಸಿ ತಂಡಕ್ಕೆ ಸೇರಿದ್ನೋ, ಆ ಅಜ್ಜಿ ಹೆಸರನ್ನ ಅವನ ಬಾಯಿಂದ ಹೇಳ್ಸು. ಆಮೇಲೆ ನೀನು ಹೇಳಿದ್ದೆಲ್ಲ ಹೇಳ್ತೀನಿ."

ದಂಕ್ವಾ ಅದನ್ನು ಇಂಗ್ಲಿಷಿನಲ್ಲಿ ಕೇಳಿದ. ಡೆಲಾನೊ ಸೂರು ನೋಡಿದ, ಬೂಟು ನೋಡಿದ, ತಲೆ ಕೆರೆದುಕೊಂಡು ಏನೋ ಗೊಣಗಿದ.

"ಏನಂತೆ?"

"ಅಜ್ಜಿನ ಅವನು ಅಜ್ಜಿ ಅಂತಾನೇ ಕರೀತಿದ್ದದ್ದಂತೆ."

ಪೊಕುವಾ ಚಪ್ಪಲಿ ಕಳಚಿ ಅಂಗಳಕ್ಕೆ ಇಳಿದಳು. ಸತ್ತವರನ್ನು ಮಾತಾಡಿಸುವಾಗ ಮಾಡುವಂತೆ, ಮೊಮ್ಮಗ ಮುಟ್ಟದ ನೀರನ್ನು ಸ್ವಲ್ಪ ಸ್ವಲ್ಪವೇ ಮಣ್ಣಿಗೆ ಸುರಿದಳು.

"ಸೆರ್ವಾ, ತಗೋ, ನೀನೇ ಕುಡಿ. ನಿನ್ನ ಮೊಮ್ಮಗ ಬಂದಿದ್ದಾನೆ. ಆವತ್ತೂ ಆಟ ಇತ್ತಂತೆ, ಇವತ್ತೂ ಆಟ ಇದೆಯಂತೆ. ನಿನ್ನ ಹತ್ರಕ್ಕೆ ಬರೋದಿಲ್ಲ. ನೀನಿನ್ನು ಕಾಯ್ಬೇಡ ಅಕ್ಕಾ."

ಲೋಟದಿಂದ ಕೊನೆಯ ಹನಿಯೂ ಬಿತ್ತು.

ಕ್ಯಾಮೆರಾದವನು ತಲೆ ಎತ್ತಿದ. "ತುಂಬಾ ಚೆನ್ನಾಗಿ ಬಂತು ಅಜ್ಜಿ. ಲೋಟ ಇನ್ನೊಂದ್ಸಲ ತುಂಬಿಸ್ಕೊಂಡು ಬನ್ನಿ, ಈ ಸಲ ಡೆಲಾನೊನೂ ಪಕ್ಕದಲ್ಲಿ ನಿಂತ್ಕೊಳ್ಳಲಿ."