ಹುಡುಗಿಯರ ಮೆಟ್ಟಿಲು

ಆ ಹಳೇ ಮೆಡಿಕಲ್ ಕಾಲೇಜಿನಲ್ಲಿ ಹುಡುಗಿಯರಿಗೆಂದೇ ಗೋಡೆಯೊಳಗೆ ಕತ್ತಲ ಮೆಟ್ಟಿಲೊಂದಿತ್ತು. ಅದು ಹೋಗುತ್ತಿದ್ದುದು ಅವಳೂ ಗೆಳತಿ ನಳಿನಾಕ್ಷಿಯೂ ಇದ್ದ ಕೋಣೆಗೆ ಮಾತ್ರ. ಕಟ್ಟಡ ಕೆಡವುತ್ತಾರೆಂದು ಕೇಳಿ, ಅಂದು ಸಹಪಾಠಿಯಾಗಿದ್ದ ಆರಡಿ ಎತ್ತರದ ಗಂಡನನ್ನು ಕರೆತಂದಿದ್ದಳು.

"ನಮ್ಮನ್ನ ಇಲ್ಲಿಗೆಲ್ಲಿ ಬಿಡ್ತಿದ್ರು? ಇವತ್ತೇ ಕಣೇ ನೋಡ್ತಿರೋದು," ಎಂದ ಗಂಡ, ಹಿಂದೆಯೇ ಹತ್ತುತ್ತ.

"ನಂಗೆ ಕಾಮಾಲೆ ಆಗಿ ಊರಿಗೆ ಹೋದಾಗ, ಪಾಪ, ನಳಿನಾಕ್ಷಿ ಒಬ್ಳೇ ಇದ್ಲು ಇಲ್ಲಿ."

"ಹೌದಾ? ನಂಗೆ ನೆನಪೇ ಇಲ್ಲ."

ತಿರುವಿನಲ್ಲಿ ಕಲ್ಲಿನ ತೊಲೆ ತೀರಾ ತಗ್ಗಾಗಿತ್ತು. ಮೊದಲ ಸಲ ಬಂದ ಎತ್ತರದವರೆಲ್ಲ ಅಲ್ಲಿ ಹಣೆ ಚಚ್ಚಿಕೊಳ್ಳುತ್ತಿದ್ದರು. ಗಂಡನಿಗೆ ಪೆಟ್ಟಾಗದಿರಲೆಂದು ಅವಳು ಕತ್ತಲಲ್ಲೇ ತಡವಿ, ತೊಲೆಗೆ ಅಂಗೈ ಅಡ್ಡವಿಟ್ಟು ನಿಂತಳು.

ಅವನು ಮಾತು ನಿಲ್ಲಿಸದೆ, ತಲೆ ಬಗ್ಗಿಸಿ, ಅವಳ ಕೈ ಕೆಳಗಿಂದ ದಾಟಿ ಹೋದ.