ಮೇಷ್ಟ್ರ ಎಡಗಾಲು

ರಾಜರ ಕಾಲದ ಆ ತೋಟದಲ್ಲಿ ಗೈಡ್ ತರಬೇತಿಗೆ ಪುಸ್ತಕವಿರಲಿಲ್ಲ. ಮೇಷ್ಟ್ರು ಪ್ರವಾಸಿಗರಿಗೆ ತೋಟ ಸುತ್ತಿಸುವಾಗ ಹಿಂದೆಯೇ ಹೋಗಿ, ನೋಡಿ ಕಲಿಯಬೇಕು, ಅಷ್ಟೇ. ತರಬೇತಿ ಮುಗಿಯುವ ದಿನ ಜವರೇಶ ಕಾರಂಜಿಯ ಬಳಿ ಗೆಳೆಯರಿಗೆ ಮೇಷ್ಟ್ರ ಮಿಮಿಕ್ರಿ ಮಾಡಿ ತೋರಿಸುತ್ತಿದ್ದ. ಅವರಂತೆಯೇ ಎಡಗಾಲು ಎಳೆಯುತ್ತ ಬಂದು, ಕೆಮ್ಮಿ, ಕೈ ಎತ್ತಿದ.

"ಮಹಾಜನಗಳೇ, ಈ ಮರ ನೆಟ್ಟ ದೊರೆ ಹೋದರು. ನೆರಳು ನಿಮಗೆ ಬಿಟ್ಟು ಹೋದರು."

ಗೆಳೆಯರ ನಗು ಥಟ್ಟನೆ ನಿಂತಿತು. ತಿರುಗಿ ನೋಡಿದರೆ ಹಿಂದೆ ಮೇಷ್ಟ್ರೇ ನಿಂತಿದ್ದರು.

"ರೂಮಿಗೆ ಬಾರಯ್ಯ."

ಅವರ ಸಹಿ ಇಲ್ಲದೆ ಸರ್ಟಿಫಿಕೇಟ್ ಇಲ್ಲ, ಸರ್ಟಿಫಿಕೇಟ್ ಇಲ್ಲದೆ ಕೆಲಸವಿಲ್ಲ. ಜವರೇಶ ಕೈಕಟ್ಟಿ ನಿಂತ.

"ಇನ್ನೊಂದ್ಸಲ ಮಾಡು."

"ತಪ್ಪಾಯ್ತು ಸಾರ್. ಕಾಲಿನ ವಿಷಯದಲ್ಲಿ ತಮಾಷೆ ಮಾಡ್ಬಾರ್ದಿತ್ತು."

"ಮಾಡು ಅಂದೆ."

ಮಾಡಿದ. ಮೇಷ್ಟ್ರು ನಗಲಿಲ್ಲ, ರೇಗಲೂ ಇಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

"ಕೆಮ್ಮು ಪರವಾಗಿಲ್ಲ. ಕಾಲು ಜಾಸ್ತಿ ಎಳೀತೀಯ."

"ಸಾರ್?"

"ನಂಗೆ ಈ ಕೆಲಸ ಕಲಿಸಿದೋರಿಗೆ ಮಂಡಿನೋವಿತ್ತು. ಅವ್ರು ಎಳೀತಿದ್ದದ್ದು ಸ್ವಲ್ಪವೇ. ಸರಿಯಾಗಿ ನೋಡ್ಕೋ."

ಮೇಷ್ಟ್ರು ಎದ್ದು, ಬಾಗಿಲವರೆಗೆ ಹದವಾಗಿ ಕುಂಟುತ್ತ ಹೋಗಿ ತೋರಿಸಿದರು. ಆಮೇಲೆ ಸಹಿ ಹಾಕಲು ಮೇಜಿನ ಬಳಿಗೆ ನೆಟ್ಟಗೆ ನಡೆದು ಬಂದರು.