ಮೇಸ್ತ್ರಿಯ ಕಣ್ಣು

ಮೂರನೆಯ ಸಲವೂ ನೂಲು ಹಳದಿಯಾಗಿಯೇ ಬಂತು. ಗಿರಾಕಿ ಕೇಳಿದ್ದು ಕೆನೆ ಬಣ್ಣ. ಬೆಳಿಗ್ಗೆ ತೊಟ್ಟಿಯಿಂದ ಎತ್ತಿದಾಗ ಬಣ್ಣದ ಮೇಸ್ತ್ರಿಗೆ ಅದು ಕೆನೆಯಾಗಿಯೇ ಕಂಡಿತ್ತು. ಸಂಜೆ ಒಣಗಿದ ನೂಲನ್ನು ಇಳಿಸುವ ಹೊತ್ತಿಗೆ ಅವನ ಕಣ್ಣಿಗೇ ಅರಿಸಿನ ಬಳಿದಂತೆ ಕಂಡಿತು. ಬೇರೆಯವರಾಗಿದ್ದರೆ ಮಾದರಿ ತುಂಡನ್ನು ತೊಟ್ಟಿಯ ಪಕ್ಕದಲ್ಲಿಟ್ಟುಕೊಂಡು ಗಳಿಗೆಗೊಮ್ಮೆ ಹೋಲಿಸಿ ನೋಡುತ್ತಿದ್ದರು. ಮೇಸ್ತ್ರಿಗೆ ಅದು ಅವಮಾನ. ಹಿಂದಿನ ಸಂಜೆ ಒಮ್ಮೆ ನೋಡಿದನೆಂದರೆ ಮುಗಿಯಿತು, ಬೆಳಿಗ್ಗೆ ನೆನಪಿನ ಮೇಲೆಯೇ ಬಣ್ಣ ಕಲಸುವವನು ಅವನು. ಇಪ್ಪತ್ತಾರು ವರ್ಷ ಆ ಜಂಬ ಅವನಿಗೆ ಕೈಕೊಟ್ಟಿರಲಿಲ್ಲ.

ಕಾರ್ಖಾನೆಯ ಯಜಮಾನರು ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು. ಕಣ್ಣು ತೋರಿಸಿಕೊಂಡು ಬಾ, ಅಲ್ಲಿಯವರೆಗೆ ತೊಟ್ಟಿಯನ್ನು ಇನ್ನೊಬ್ಬರು ನೋಡಿಕೊಳ್ಳಲಿ ಎಂದು ಮೆಲ್ಲಗೆ ಹೇಳಿದರು. ಮೇಸ್ತ್ರಿಗೆ ಗೊತ್ತಿದ್ದ ವಿದ್ಯೆ ಅದೊಂದೇ. ಮರುದಿನ ಕಣ್ಣಿನ ಡಾಕ್ಟರ ಬಳಿಗೆ ಒಬ್ಬನೇ ಹೋಗುತ್ತೇನೆಂದು ಹೊರಟರೆ ಹೆಂಡತಿ ಬಿಡಲಿಲ್ಲ. ಕಣ್ಣಿಗೆ ಹನಿ ಹಾಕಿದರೆ ವಾಪಸ್ ಬರುವಾಗ ದಾರಿ ಕಾಣುವುದಿಲ್ಲ, ಕಂಬಕ್ಕೆ ಡಿಕ್ಕಿ ಹೊಡೆದು ಮೂಗನ್ನೂ ಕಳೆದುಕೊಳ್ಳುತ್ತೀರಿ ಎಂದು ಚಪ್ಪಲಿ ಮೆಟ್ಟಿಯೇಬಿಟ್ಟಳು.

ಡಾಕ್ಟರಮ್ಮ ಹನಿ ಹಾಕಿದರು, ಬೆಳಕು ಬಿಟ್ಟು ನೋಡಿದರು, ಅಕ್ಷರ ಓದಿಸಿದರು. ಕಣ್ಣಿನಲ್ಲಿ ಯಾವ ದೋಷವೂ ಇರಲಿಲ್ಲ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. ಒಂದು ತಿಂಗಳಿಂದ ಬೆಳಗಿನ ಹೊತ್ತು ಎಲ್ಲವೂ ಒಗೆದ ಬಟ್ಟೆಗೆ ನೀಲಿ ಹೆಚ್ಚಾದಂತೆ ನಸುನೀಲಿಯಾಗಿ ಕಾಣುತ್ತದೆ, ಮಧ್ಯಾಹ್ನ ಕಳೆದರೆ ಸರಿಹೋಗುತ್ತದೆ ಎಂದ ಮೇಸ್ತ್ರಿ. ಅವರು ಪೆನ್ನು ಕೆಳಗಿಟ್ಟರು.

"ಯಾವುದಾದ್ರೂ ಔಷಧಿ ತಗೋತಾ ಇದೀರಾ?"

"ಇಲ್ಲ."

"ನಾಟಿ ಔಷಧಿ, ಪುಡಿ, ಲೇಹ್ಯ?"

ಮೇಸ್ತ್ರಿ ಹೆಂಡತಿಯ ಕಡೆಗೆ ಓರೆಗಣ್ಣಲ್ಲಿ ನೋಡಿದ. ಬಸ್ ನಿಲ್ದಾಣದ ಹಿಂದೆ ಕೂರುವ ಪುಡಿಯವನು ಆಣೆ ಮಾಡಿ ಹೇಳಿದ್ದ: ಬೇರು, ತೊಗಟೆ, ಬೀಜ ಬಿಟ್ಟರೆ ಇದರಲ್ಲಿ ಇನ್ನೇನೂ ಇಲ್ಲ, ಬೆಳಿಗ್ಗೆ ಒಂದು ಚಮಚ, ರಾತ್ರಿ ಒಂದು ಚಮಚ, ಗಂಡಸುತನ ವಾಪಸ್ ಬರದಿದ್ದರೆ ನನ್ನ ಹೆಸರು ಬದಲಾಯಿಸು. ಡಾಕ್ಟರ ಹತ್ತಿರ ಹೋದರೆ ಬಾಯಿಬಿಟ್ಟು ಹೇಳಬೇಕು. ಪುಡಿಯವನು ಏನನ್ನೂ ಕೇಳುವುದಿಲ್ಲ, ಅವನ ಪುಡಿಯ ದೊಡ್ಡ ಗುಣವೇ ಅದು. ಅವನು ಹೇಳಿದಂತೆಯೇ ಆಗಿತ್ತು ಕೂಡ. ಈಗ ನಿಜ ಹೇಳಿದರೆ, ಈ ಒಂದೂವರೆ ತಿಂಗಳ ಗಂಡ ಪೊಟ್ಟಣದಿಂದ ಬಂದವನು ಎಂದು ಪಕ್ಕದಲ್ಲಿ ಕೂತ ಹೆಂಡತಿಗೆ ತಿಳಿಯುತ್ತದೆ. ಹೇಳದಿದ್ದರೆ ತೊಟ್ಟಿ ಹೋಗುತ್ತದೆ.

"ಇಲ್ಲ" ಎಂದ ಮತ್ತೆ.

ಹೆಂಡತಿ ಕೈಚೀಲದ ಬಾಯಿ ಬಿಚ್ಚಿ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. "ಇದು, ಡಾಕ್ಟ್ರೇ. ದಿನಕ್ಕೆ ಎರಡು ಸಲ."

ಮೇಸ್ತ್ರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಡಾಕ್ಟರಮ್ಮ ಮಾತ್ರ ಕನ್ನಡಕದ ನಂಬರು ಹೇಳುವ ದನಿಯಲ್ಲೇ ಮಾತಾಡಿದರು. ಬರೀ ಬೇರು ತೊಗಟೆ ಇಷ್ಟು ಬೇಗ ಕೆಲಸ ಮಾಡುವುದಿಲ್ಲ. ಇದಕ್ಕೆ ಔಷಧಿ ಅಂಗಡಿಯಲ್ಲಿ ಸಿಗುವ ಗಂಡಸುತನದ ಮಾತ್ರೆಯನ್ನೇ ಅಳತೆಯಿಲ್ಲದೆ ಬೆರೆಸಿರಬೇಕು. ಅದು ಹೆಚ್ಚಾದರೆ ಕೆಲವರಿಗೆ ಲೋಕವೇ ನೀಲಿಯಾಗಿ ಕಾಣುತ್ತದೆ, ಆ ಕಣ್ಣಿಗೆ ಹಳದಿಯೂ ಕೆನೆಯಾಗಿ ಕಂಡೀತು, ಹೃದಯದ ಕಾಯಿಲೆಯವರಾದರೆ ಜೀವಕ್ಕೇ ಸಂಚಕಾರ. ಇವತ್ತಿನಿಂದಲೇ ನಿಲ್ಲಿಸಿ, ಕಣ್ಣು ತಾನಾಗಿ ಸರಿಹೋಗಬಹುದು ಎಂದರು. ಗಂಡಸರ ಈ ತೊಂದರೆಯ ಹಿಂದೆ ಸಕ್ಕರೆಯೋ ರಕ್ತದ ಒತ್ತಡವೋ ಇರುವುದುಂಟು, ಮೊದಲು ಅದನ್ನು ಪರೀಕ್ಷೆ ಮಾಡಿಸಿ, ಆಮೇಲೆ ಇದಕ್ಕೆಂದೇ ಇರುವ ಡಾಕ್ಟರು ಅಳತೆ ನೋಡಿ ಮಾತ್ರೆ ಕೊಡುತ್ತಾರೆ ಎಂದು ಒಂದು ಚೀಟಿ ಬರೆದುಕೊಟ್ಟರು.

ಬೀದಿಗೆ ಬಂದಾಗ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಅಂಗಡಿ, ಸೈಕಲ್ಲು, ಜನ, ಎಲ್ಲವೂ ಕಲಸಿಹೋಗಿತ್ತು. ಹೆಂಡತಿ ಅವನ ಮೊಣಕೈ ಹಿಡಿದು ನಡೆಸಿದಳು. ನೂರು ಹೆಜ್ಜೆಯಾದರೂ ಅವಳು ನಗಲಿಲ್ಲ, ಬೈಯಲಿಲ್ಲ. ಅವನೇ ತಡೆಯಲಾರದೆ ಕೇಳಿದ, ಯಾವಾಗ ಗೊತ್ತಾಯಿತು ಎಂದು. ಮೊದಲ ವಾರವೇ ಎಂದಳು. ಮಳೆಗಾಲ ಮುಗಿದ ಮೇಲೂ ಗೂಟದ ಮೇಲಿನ ಮಳೆಕೋಟಿಗೆ ಬೆಳಿಗ್ಗೆ ಸಂಜೆ ಯಾಕಿಷ್ಟು ಉಪಚಾರ ಎಂದು ಜೇಬಿಗೆ ಕೈ ಹಾಕಿ ನೋಡಿದಾಗ ಪೊಟ್ಟಣ ಸಿಕ್ಕಿತ್ತಂತೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಕಥೆಯಾಗಿತ್ತು ಅವನದು.

"ಮತ್ತೆ ಯಾಕೆ ಸುಮ್ನಿದ್ದೆ?"

ಅವಳು ಒಂದು ಕೈಗಾಡಿ ದಾಟಿಹೋಗುವವರೆಗೂ ನಿಂತಳು. ಅವಳ ಮುಖ ಅವನಿಗೆ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.

"ಈ ತೊಂದ್ರೆ ಶುರುವಾದಾಗಿಂದ ನೀವು ನನ್ನ ಜೊತೆ ಮಾತೇ ಬಿಟ್ರಿ. ತಟ್ಟೆ ತಗೊಂಡು ಹೊರಗಿನ ಕೋಣೆಗೆ ಹೋಗ್ತಿದ್ರಿ. ನಾಲ್ಕು ವರ್ಷ. ಪುಡಿ ಬಂದ ಮೇಲೆ ಅಡುಗೆಮನೆಗೇ ಬಂದು ಕೂತ್ರಿ, ಕಾರ್ಖಾನೆ ಸುದ್ದಿ ಹೇಳಿದ್ರಿ, ಮಂಡಿ ನೋವು ಹೇಗಿದೆ ಅಂತ ಕೇಳಿದ್ರಿ. ಅದೇನು ಪುಡಿಯೋ ಏನೋ, ಇರ್ಲಿ ಅಂದ್ಕೊಂಡೆ. ಬೈದ್ರೆ ಅದೂ ನಿಂತುಹೋಗುತ್ತೆ ಅಂತ ಭಯವಾಯ್ತು."

ಅವಳಿಗೆ ಏನು ಕಡಿಮೆಯಾಗಿದೆ ಎಂದು ಮೇಸ್ತ್ರಿ ಇಷ್ಟು ವರ್ಷ ಲೆಕ್ಕ ಹಾಕಿದ್ದು ಬೇರೆಯೇ. ಅವಳು ಮೊಣಕೈ ಬಿಡದೆ ಮುಂದಕ್ಕೆ ನಡೆದಳು.

"ಇವತ್ತು ರಾತ್ರಿಯಿಂದ ಪುಡಿ ಇಲ್ಲ" ಎಂದಳು. "ತಟ್ಟೆ ಎಲ್ಲಿಡ್ಲಿ, ಈಗ್ಲೇ ಹೇಳಿಬಿಡಿ."